ಹೆಜ್ಜೆ ಕಲಿಸುವವರು ಊರಲ್ಲೇ ಇದ್ದಾರೆ

ಡಿಸೆಂಬರ್ ಬಂತೆಂದರೆ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಶಾಲೆಗಳಲ್ಲಿ ಗ್ಯಾದರಿಂಗ್‌ನ ಗಡಿಬಿಡಿ ಶುರುವಾಗುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ಅದಕ್ಕೆ ‘ವಾರ್ಷಿಕ ಸ್ನೇಹ ಸಮ್ಮೇಳನ’ ಎಂಬ ದೊಡ್ಡ ಹೆಸರಿರುತ್ತದೆ. ಜನರ ಬಾಯಲ್ಲಿ ಮಾತ್ರ ಅದು ಗ್ಯಾದರಿಂಗ್. ಶಾಲೆಯ ಬಯಲಲ್ಲಿ ಪೆಂಡಾಲು ಏಳುತ್ತದೆ, ಧ್ವನಿವರ್ಧಕ ಬರುತ್ತದೆ, ಸಂಜೆಯಾಗುತ್ತಲೇ ಸುತ್ತಲಿನ ಹಳ್ಳಿಗಳ ತಾಯಂದಿರು ಚಾಪೆ, ಹೊದಿಕೆ ಹಿಡಿದುಕೊಂಡು ಮುಂದಿನ ಜಾಗ ಹಿಡಿಯುತ್ತಾರೆ. ಅತಿಥಿಗಳ ಭಾಷಣ ಮುಗಿಯುವುದನ್ನೇ ಮಕ್ಕಳು ಕಾಯುತ್ತಿರುತ್ತಾರೆ. ಆಮೇಲೆ ನಡುರಾತ್ರಿಯವರೆಗೂ ಹಾಡು, ನಾಟಕ, ಕುಣಿತ.

ಈ ಕುಣಿತಗಳ ಪಟ್ಟಿಯಲ್ಲಿ ಐದಾರು ಸಿನಿಮಾ ಹಾಡುಗಳಿದ್ದರೆ ಒಂದಾದರೂ ‘ಜಾನಪದ ನೃತ್ಯ’ ಇರಲೇಬೇಕೆಂಬುದು ಅಲಿಖಿತ ನಿಯಮ. ಅದರಲ್ಲಿಯೂ ಲಂಬಾಣಿ ನೃತ್ಯಕ್ಕೆ ಹೆಚ್ಚು ಬೇಡಿಕೆ. ಗದಗಿನಿಂದಲೋ ಹುಬ್ಬಳ್ಳಿಯಿಂದಲೋ ಬಾಡಿಗೆಯ ಉಡುಪು ಬರುತ್ತದೆ. ಕನ್ನಡಿ ಹೊಳೆಯುವ ಲಂಗ, ಕುಪ್ಪಸ, ಮೊಣಕೈವರೆಗೆ ಪ್ಲಾಸ್ಟಿಕ್ ಬಳೆ, ಹಣೆಯ ಮೇಲೆ ಇಳಿಬಿದ್ದ ಗೆಜ್ಜೆಗೊಂಚಲು. ಮೊಬೈಲಿನಲ್ಲಿ ನೋಡಿ ಕಲಿತ ಹೆಜ್ಜೆಗಳು, ಪೆನ್‌ಡ್ರೈವ್‌ನಿಂದ ಬರುವ ಹಾಡು, ಐದು ನಿಮಿಷದಲ್ಲಿ ಮಂಗಳ. ಚಪ್ಪಾಳೆಯೇನೋ ಜೋರಾಗಿಯೇ ಬೀಳುತ್ತದೆ. ಆದರೆ ಆ ಹಾಡಿನ ಮಾತುಗಳಿಗೆ ಅರ್ಥವೇನು, ಆ ಕುಣಿತ ಯಾವ ಹಬ್ಬದ್ದು, ಯಾರು ಯಾರಿಗಾಗಿ ಕುಣಿಯುತ್ತಿದ್ದರು ಎಂದು ಕುಣಿದ ಮಕ್ಕಳನ್ನು ಕೇಳಿದರೆ ಉತ್ತರ ಸಿಗುವುದು ಕಷ್ಟ.

ವಿಚಿತ್ರವೆಂದರೆ, ಉತ್ತರ ಬಲ್ಲವರು ದೂರದಲ್ಲೇನೂ ಇಲ್ಲ. ಗಜೇಂದ್ರಗಡದ ಗುಡ್ಡದ ಸುತ್ತಲ ತಾಂಡಾಗಳಲ್ಲಿ ಆ ಹಾಡುಗಳನ್ನು ಹುಟ್ಟಿದಂದಿನಿಂದ ಕೇಳಿದ ಅಜ್ಜಿಯರಿದ್ದಾರೆ. ಅವರ ಮೊಮ್ಮಕ್ಕಳು ಬಹುಮಟ್ಟಿಗೆ ಇದೇ ಶಾಲೆಗಳಲ್ಲಿ ಓದುತ್ತಿದ್ದಾರೆ. ಆದರೂ ಹೆಜ್ಜೆ ಕಲಿಯಲು ಮೊಬೈಲಿನ ಮೊರೆಹೋಗುವುದೇ ಈಗಿನ ರೂಢಿ.

ತೀಜ್ ಹಬ್ಬದ ಗೋದಿ ಸಸಿ

ಲಂಬಾಣಿಗರು, ಅಂದರೆ ಬಂಜಾರರು, ಒಂದು ಕಾಲಕ್ಕೆ ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸಧಾನ್ಯ ಹೇರಿಕೊಂಡು ದೇಶ ಸುತ್ತಿದ ವ್ಯಾಪಾರಿಗಳು. ಸೈನ್ಯಗಳಿಗೂ ಕಾಳುಕಡಿ ಒದಗಿಸಿದವರು. ರೈಲು, ರಸ್ತೆಗಳು ಬಂದ ಮೇಲೆ ಎತ್ತಿನ ಹೇರಿನ ಕೆಲಸ ನಿಂತಿತು. ಗುಡ್ಡದ ಮಗ್ಗುಲಲ್ಲಿ ತಾಂಡಾ ಕಟ್ಟಿಕೊಂಡು ನೆಲೆನಿಂತರು. ಅವರ ಗೋರ್‌ಬೋಲಿ ನುಡಿಗೆ ಸ್ವಂತ ಲಿಪಿಯಿಲ್ಲ. ಆದ್ದರಿಂದ ಅವರ ಕತೆ, ನಂಬಿಕೆ, ನೆನಪು ಎಲ್ಲವೂ ಹಾಡಿನಲ್ಲಿ ಮತ್ತು ಕುಣಿತದಲ್ಲಿ ಉಳಿದು ಬಂದಿವೆ. ಲಿಪಿಯಿಲ್ಲದ ಜನಕ್ಕೆ ಹಾಡೇ ಪುಸ್ತಕ.

ಶ್ರಾವಣದ ಹೊತ್ತಿಗೆ ಬರುವ ತೀಜ್ ಹಬ್ಬವನ್ನೇ ನೋಡಬಹುದು. ಮದುವೆಯಾಗದ ಹುಡುಗಿಯರು ಸಣ್ಣ ಬುಟ್ಟಿಗಳಲ್ಲಿ ಮಣ್ಣು, ಗೊಬ್ಬರ ತುಂಬಿ ಗೋದಿ ಬಿತ್ತುತ್ತಾರೆ. ಒಂಬತ್ತು ದಿನ ನೀರುಣಿಸುತ್ತ, ಬುಟ್ಟಿಗಳ ಸುತ್ತ ಹಾಡಿ ಕುಣಿಯುತ್ತಾರೆ. ಕೊನೆಗೆ ಬೆಳೆದ ಸಸಿಗಳನ್ನು ಹಿರಿಯರಿಗೆ, ಅಣ್ಣತಮ್ಮಂದಿರಿಗೆ ಹಂಚಿ, ಉಳಿದದ್ದನ್ನು ನೀರಿಗೆ ಬಿಡುತ್ತಾರೆ. ಮುಂದಿನ ವರ್ಷದೊಳಗೆ ಮದುವೆಯಾಗಿ ಹೋಗುವ ಹುಡುಗಿಗೆ ಅದು ತವರಿನ ಕೊನೆಯ ತೀಜ್. ಹಾಗಾಗಿ ಆ ಹಾಡುಗಳಲ್ಲಿ ಹರ್ಷದ ಜೊತೆ ಅಗಲಿಕೆಯೂ ಇರುತ್ತದೆ. ದೀಪಾವಳಿಯ ಅಮಾವಾಸ್ಯೆಯ ರಾತ್ರಿ ಇದೇ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಹಿರಿಯರಿಗೆ ಶುಭ ಹಾಡುವ ‘ಮೇರಾ’ ಎಂಬ ಪದ್ಧತಿಯೂ ಉಂಟು.

ಇದನ್ನು ತಿಳಿದ ಮೇಲೆ ಕುಣಿತ ಬೇರೆಯೇ ಆಗಿ ಕಾಣುತ್ತದೆ. ಹೆಂಗಸರು ವರ್ತುಲವಾಗಿ ನಿಂತು, ನಡು ಬಾಗಿಸಿ, ಚಪ್ಪಾಳೆ ತಟ್ಟುತ್ತ ನಿಧಾನವಾಗಿ ಸುತ್ತುತ್ತಾರೆ. ಅವರ ಮುಖ ಒಳಗಿನ ನಡುವಿನ ಕಡೆಗೆ. ನೋಡುಗರಿಗೆ ತೋರಿಸಲೆಂದು ಹುಟ್ಟಿದ ಕುಣಿತವಲ್ಲ ಅದು. ಕುಣಿಯುವವರು ಪರಸ್ಪರ ಮುಖ ನೋಡಿಕೊಳ್ಳಲೆಂದು ಹುಟ್ಟಿದ್ದು. ವೇದಿಕೆಗೆ ತಂದಾಗ ವರ್ತುಲ ಮುರಿದು ಸಾಲಾಗುತ್ತದೆ, ಮುಖ ಅಧ್ಯಕ್ಷರ ಕಡೆ ತಿರುಗುತ್ತದೆ. ವೇದಿಕೆಗೆ ಅದರದೇ ಆದ ಅನಿವಾರ್ಯಗಳಿವೆ, ಒಪ್ಪೋಣ. ಆದರೆ ಏನು ಬದಲಾಯಿತೆಂಬುದು ಮಕ್ಕಳಿಗೆ ತಿಳಿದಿರಬೇಕು.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಲಂಬಾಣಿ ಉಡುಪು ಬಾಡಿಗೆ ತಂದು ಕುಣಿಯುವ ತಂಡದ ಪಕ್ಕದಲ್ಲೇ, ತನ್ನ ಮನೆಯ ಮಾತನ್ನು ಶಾಲೆಯಲ್ಲಿ ಆಡಲು ನಾಚುವ ತಾಂಡಾದ ಹುಡುಗಿ ಕುಳಿತಿರುತ್ತಾಳೆ. ಅಜ್ಜಿ ಅದೇ ಉಡುಪಿನಲ್ಲಿ ಶಾಲೆಯ ಬಾಗಿಲಿಗೆ ಬಂದರೆ ಸಹಪಾಠಿಗಳು ನಕ್ಕಾರೆಂದು ಅವಳಿಗೆ ಭಯ. ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸುವ ಬಟ್ಟೆ, ಬೀದಿಯಲ್ಲಿ ನಗೆಪಾಟಲಾಗುವುದಾದರೆ ಆ ಶಾಲೆ ಜಾನಪದವನ್ನು ಕಲಿಸಿದಂತಾಗಲಿಲ್ಲ, ವೇಷವನ್ನಷ್ಟೇ ತೊಡಿಸಿದಂತಾಯಿತು. ಅದೇ ಹುಡುಗಿಯನ್ನು ಕರೆದು “ನಿಮ್ಮ ಅಜ್ಜಿ ಬಂದು ನಮಗೆ ಎರಡು ಹಾಡು ಕಲಿಸುವರೇ?” ಎಂದು ಗುರುಗಳು ಕೇಳಿದರೆಂದುಕೊಳ್ಳಿ. ಆ ಒಂದು ಪ್ರಶ್ನೆಯಿಂದ ಆ ಮಗುವಿನ ತಲೆ ಎಷ್ಟು ಎತ್ತರಕ್ಕೆ ಏಳುತ್ತದೆಂಬುದನ್ನು ಯಾವ ಅಂಕಪಟ್ಟಿಯೂ ಅಳೆಯಲಾರದು.

ಅಲಾಯಿ ಕುಣಿಯ ಸುತ್ತ

ಈ ಸೀಮೆಯ ಇನ್ನೊಂದು ದೊಡ್ಡ ಕುಣಿತ ಮೊಹರಂನದು. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಮಡಿದ ಇಮಾಮ್ ಹುಸೇನರ ನೆನಪಿನ ಆಚರಣೆ ಇದು. ಇಸ್ಲಾಮಿಕ್ ಪಂಚಾಂಗ ಸಂಪೂರ್ಣ ಚಾಂದ್ರಮಾನದ್ದು. ವರ್ಷಕ್ಕೆ 354 ಅಥವಾ 355 ದಿನ. ಆದ್ದರಿಂದಲೇ ಮೊಹರಂ ಪ್ರತಿ ವರ್ಷ 10-11 ದಿನ ಹಿಂದೆ ಸರಿಯುತ್ತ, ಒಮ್ಮೆ ಮಳೆಗಾಲದಲ್ಲಿ, ಇನ್ನೊಮ್ಮೆ ಚಳಿಗಾಲದಲ್ಲಿ ಬರುತ್ತದೆ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಈ ಹಬ್ಬ ಒಂದೇ ಧರ್ಮದವರದಾಗಿ ಉಳಿದಿಲ್ಲ. ಮುಸ್ಲಿಂ ಮನೆಗಳು ಒಂದೂ ಇಲ್ಲದ ಊರುಗಳಲ್ಲಿ ಸಹ ಅಲಾಯಿ ದೇವರನ್ನು ಕೂಡಿಸುವುದುಂಟು. ಮಸೀದಿಯ ಮುಂದೆ ಕುಣಿ ತೋಡಿ ಬೆಂಕಿ ಮಾಡುತ್ತಾರೆ. ಮನೆಗಳಲ್ಲಿ ಚೋಂಗೆ ಮಾಡುತ್ತಾರೆ, ಸಕ್ಕರೆ ಓದಿಸುತ್ತಾರೆ, ಹರಕೆ ಹೊತ್ತ ಮಕ್ಕಳನ್ನು ಫಕೀರರನ್ನಾಗಿ ಮಾಡುತ್ತಾರೆ. ಊರ ತರುಣರು ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಕರವಸ್ತ್ರ ಹಿಡಿದು, ಹಲಗಿಯ ಬಡಿತಕ್ಕೆ ವರ್ತುಲವಾಗಿ ಹೆಜ್ಜೆ ಹಾಕುತ್ತಾರೆ. ಹಸನ್, ಹುಸೇನ್, ಬೀಬಿ ಫಾತಿಮಾ ಇವರ ಕತೆಯನ್ನು ಅಚ್ಚ ಕನ್ನಡದಲ್ಲಿ ಹೇಳುವ ರಿವಾಯತ್ ಪದಗಳೇ ಆ ಕುಣಿತದ ಹಾಡು. ಹಾಡುವವರಲ್ಲಿ, ಕುಣಿಯುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಅರಬ್ಬರ ನಾಡಿನ ಶೋಕದ ಕತೆಯೊಂದು ಕಪ್ಪು ಮಣ್ಣಿನ ಸೀಮೆಯ ಜೋಳದ ರೊಟ್ಟಿ ಉಣ್ಣುವವರ ಮಾತಿನಲ್ಲಿ ಹಾಡಾಗಿ, ಹೆಜ್ಜೆಯಾಗಿ ಮಾರ್ಪಟ್ಟಿದೆ.

ಹೆಜ್ಜೆಯ ಕುಣಿತ ಮೇಲ್ನೋಟಕ್ಕೆ ಸುಲಭ. ಕಲಿಯಲು ಹೋದವರಿಗೆ ಅದರ ಲೆಕ್ಕ ತಿಳಿಯುತ್ತದೆ. ಮೊದಲು ಸರಳ ಹೆಜ್ಜೆ, ಆಮೇಲೆ ಹಿಂದಕ್ಕೆ ಮುಂದಕ್ಕೆ ಸರಿಯುವ ಹೆಜ್ಜೆ, ಮತ್ತೆ ತಿರುಗುವ ಹೆಜ್ಜೆ ಹೀಗೆ ಒಂದೊಂದಾಗಿ ಕೂಡಿಸುತ್ತ ಹೋಗಬೇಕು. ಹಲಗಿಯ ನಡೆ ಬದಲಾದ ಕ್ಷಣದಲ್ಲಿ ಇಪ್ಪತ್ತು ಜೊತೆ ಕಾಲುಗಳು ಒಟ್ಟಿಗೆ ಬದಲಾಗಬೇಕು. ಒಬ್ಬ ತಪ್ಪಿದರೆ ವರ್ತುಲವೇ ತಡವರಿಸುತ್ತದೆ. ಎಷ್ಟು ಚೆನ್ನಾಗಿ ಕುಣಿದರೂ ಒಬ್ಬನೇ ಗೆಲ್ಲಲು ಸಾಧ್ಯವಿಲ್ಲದ ಆಟ ಇದು. ಶಾಲೆಯ ಉಳಿದೆಲ್ಲ ಪರೀಕ್ಷೆಗಳೂ ಒಬ್ಬೊಬ್ಬರೇ ಗೆಲ್ಲುವಂಥವು. ಆದ್ದರಿಂದ ಇದನ್ನೊಂದಿಷ್ಟು ಕಲಿತರೆ ಮಕ್ಕಳಿಗೆ ಲಾಭವೇ.

ಹಲಗಿಯಲ್ಲಿ ವಿಜ್ಞಾನದ ಪಾಠವೂ ಇದೆ. ಬಾರಿಸುವ ಮುನ್ನ ಅದನ್ನು ಬೆಂಕಿಗೆ ಹಿಡಿಯುವುದನ್ನು ಎಲ್ಲರೂ ನೋಡಿರುತ್ತಾರೆ. ತಂಪು ಹವೆಯಲ್ಲಿ ಚರ್ಮ ತೇವ ಹೀರಿ ಸಡಿಲಾಗುತ್ತದೆ. ಕಾಸಿದಾಗ ತೇವ ಆರಿ ಬಿಗಿಯಾಗುತ್ತದೆ. ಬಿಗಿ ಹೆಚ್ಚಿದಷ್ಟೂ ಕಂಪನದ ವೇಗ ಹೆಚ್ಚಿ ಸ್ವರ ಮೇಲೇರುತ್ತದೆ. ಹುಬ್ಬಳ್ಳಿ ತಾಲ್ಲೂಕಿನ ಬ್ಯಾಹಟ್ಟಿ ಹೆಸರಾಗಿರುವ ಜಗ್ಗಲಿಗೆಯಲ್ಲಿ ಚಕ್ಕಡಿಯ ಗಾಲಿಯಂಥ ದೊಡ್ಡ ಬಳೆಗೇ ಚರ್ಮ ಬಿಗಿಯುತ್ತಾರೆ. ಬಳೆ ದೊಡ್ಡದಾದಷ್ಟೂ ದನಿ ಗಂಭೀರ. ಇನ್ನು ಗದಗ, ಕೊಪ್ಪಳ ಸೀಮೆಯ ಕರಡಿ ಮಜಲಿನ ‘ಕರಡಿ’ ಕಾಡಿನ ಪ್ರಾಣಿಯಲ್ಲ, ಎರಡು ಮುಖದ ಚರ್ಮವಾದ್ಯ. ತಾಳ, ಸನಾದಿಗಳ ಜೊತೆ ವಿಳಂಬದಿಂದ ಶುರುವಾಗಿ ದ್ರುತಕ್ಕೆ ಏರುವ ಅದರ ನಡೆಯನ್ನು ಎಣಿಸಿ ಬರೆಯಲು ಹೇಳಿದರೆ, ಗಣಿತದ ಗುರುಗಳಿಗೇ ಒಂದು ಒಳ್ಳೆಯ ಅಭ್ಯಾಸವಾದೀತು.

ಇಷ್ಟಾದರೂ ಹಲಗಿ ಬಾರಿಸುವವರನ್ನು ನಾವು ಎಲ್ಲಿ ನಿಲ್ಲಿಸುತ್ತೇವೆ? ಅತಿಥಿಗಳನ್ನು ಬಾಗಿಲಿನಿಂದ ವೇದಿಕೆಯವರೆಗೆ ಮೆರವಣಿಗೆಯಲ್ಲಿ ಕರೆತರುವುದಕ್ಕೆ ಅವರು ಬೇಕು. ವೇದಿಕೆ ಬಂದೊಡನೆ ಅವರು ಕೆಳಗೇ ಉಳಿಯುತ್ತಾರೆ. ಶಾಲು, ಹಾರ ಬೇರೆಯವರಿಗೆ. ಚರ್ಮ ಮುಟ್ಟುವ ಕೆಲಸವನ್ನು ಕೀಳೆಂದು ಕಂಡ ಹಳೆಯ ಮನಸ್ಸು ನಮಗೆ ಅರಿವಿಲ್ಲದಂತೆ ಗ್ಯಾದರಿಂಗ್‌ನ ಅಂಗಳದಲ್ಲೂ ಕೆಲಸಮಾಡುತ್ತಿರುತ್ತದೆ. ಮಕ್ಕಳು ಭಾಷಣಕ್ಕಿಂತ ಇಂಥದನ್ನೇ ಬೇಗ ಗಮನಿಸುತ್ತಾರೆ.

ಸಾಗರದಾಚೆಯ ಒಂದು ಸಾಲು

ತಮ್ಮ ಕುಣಿತವನ್ನು ಉಳಿಸಿಕೊಳ್ಳುವ ಚಿಂತೆ ಗದಗ ಜಿಲ್ಲೆಯವರಿಗಷ್ಟೇ ಇರುವುದಲ್ಲ. ಪೆಸಿಫಿಕ್ ಸಾಗರದ ಫಿಜಿ ದೇಶದ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. 1879ರಿಂದ 1916ರವರೆಗೆ ಸುಮಾರು 60 ಸಾವಿರ ಭಾರತೀಯರನ್ನು ಕಬ್ಬಿನ ತೋಟಗಳ ಕರಾರು ಕೂಲಿಗೆಂದು ಹಡಗಿನಲ್ಲಿ ಅಲ್ಲಿಗೆ ಕರೆದೊಯ್ದದ್ದು ಇತಿಹಾಸ. ಆ ದೇಶದ ಮೂಲ ನಿವಾಸಿಗಳ ಕುಣಿತಕ್ಕೆ ‘ಮೆಕೆ’ ಎಂದು ಹೆಸರು. ಗಂಡಸರ ಈಟಿ ಕುಣಿತ, ಗದೆ ಕುಣಿತ, ಬೀಸಣಿಗೆ ಹಿಡಿದ ಕುಣಿತ, ನೆಲದ ಮೇಲೆ ಕುಳಿತೇ ಕೈ, ತಲೆಗಳ ಚಲನೆಯಿಂದ ಕತೆ ಹೇಳುವ ಕುಣಿತ ಎಂದು ಅದರಲ್ಲಿ ಹಲವು ಬಗೆ. ಟೊಳ್ಳು ಮಾಡಿದ ಮರದ ವಾದ್ಯ, ನೆಲಕ್ಕೆ ಕುಟ್ಟಿ ದನಿ ಹೊರಡಿಸುವ ಬಿದಿರಿನ ಕೊಳವೆ ಅವರ ಹಲಗಿ.

ಅದೇ ದೇಶಕ್ಕೆ ಸೇರಿದ, ಆದರೆ ಮುಖ್ಯ ದ್ವೀಪಗಳಿಂದ ಸುಮಾರು 500 ಕಿ.ಮೀ. ಉತ್ತರಕ್ಕಿರುವ ಪುಟ್ಟ ದ್ವೀಪ ರೊಟುಮಾ. ವಿಸ್ತಾರ 50 ಚದರ ಕಿ.ಮೀ.ಗೂ ಕಡಿಮೆ. ಅಲ್ಲಿಯವರ ಭಾಷೆ ಬೇರೆ, ರೂಢಿ ಬೇರೆ. ಓದು, ನೌಕರಿ ಹುಡುಕಿಕೊಂಡು ಬಹುಪಾಲು ಜನ ಈಗ ಫಿಜಿಯ ಪಟ್ಟಣಗಳಿಗೆ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹೋಗಿ ನೆಲಸಿದ್ದಾರೆ. ದ್ವೀಪದಲ್ಲಿ ಉಳಿದವರಿಗಿಂತ ಹೊರಗಿರುವವರೇ ಹೆಚ್ಚು. ದುಡಿಯಲು ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಹೋಗುವ ನಮ್ಮ ತಾಂಡಾಗಳ, ಹಳ್ಳಿಗಳ ಕತೆಯನ್ನು ಇದು ನೆನಪಿಸುತ್ತದೆ. 1881ರ ಮೇ 13ರಂದು ರೊಟುಮಾ ಬ್ರಿಟಿಷ್ ಆಡಳಿತಕ್ಕೆ ಸೇರಿತು. ಪ್ರತಿ ವರ್ಷ ಆ ದಿನವನ್ನು ‘ರೊಟುಮಾ ದಿನ’ವೆಂದು ಅವರು ಇದ್ದಲ್ಲೇ ಕೂಡಿ ಆಚರಿಸುತ್ತಾರೆ. ಸಭಾಭವನದಲ್ಲಿ ಊಟ, ಮಾತು, ಆಮೇಲೆ ಕುಣಿತ. ಪರದೇಶದಲ್ಲಿ ಹುಟ್ಟಿ ಬೆಳೆದ ಮಕ್ಕಳೂ ಇಂಥ ಕೂಟಗಳಲ್ಲಿಯೇ ಅಜ್ಜಅಜ್ಜಿಯರ ಹೆಜ್ಜೆಯನ್ನು ಕಾಣುತ್ತಾರೆ, ಕಲಿಯುತ್ತಾರೆ.

ಆ ಕುಣಿತದ ಹೆಸರು ‘ತೌತೊಂಗ’. ಗಂಡಸರು ಒಂದು ಪಕ್ಕಕ್ಕೆ, ಹೆಂಗಸರು ಇನ್ನೊಂದು ಪಕ್ಕಕ್ಕೆ ಸಾಲುಸಾಲಾಗಿ ನಿಲ್ಲುತ್ತಾರೆ. ಹಿರಿಯರು ಮಡಿಸಿಟ್ಟ ಚಾಪೆಗಳ ರಾಶಿಯನ್ನು ಕೋಲಿನಿಂದ ಬಡಿದು ತಾಳ ಹಾಕುತ್ತಾರೆ. ಈ ಕುಣಿತದಲ್ಲಿ ಒಂದು ವಿಶೇಷವಿದೆ. ಹಾಡಿನ ಒಂದು ಭಾಗ ಮುಗಿದೊಡನೆ ಮುಂದಿನ ಸಾಲಿನವರು ಸರಿದು ಹಿಂದಕ್ಕೆ ಹೋಗುತ್ತಾರೆ. ಎರಡನೆಯ ಸಾಲು ಮುಂದಕ್ಕೆ ಬರುತ್ತದೆ. ಹೀಗೆ ಸರದಿಯಂತೆ ಪ್ರತಿಯೊಂದು ಸಾಲಿಗೂ ಮುಂದೆ ನಿಲ್ಲುವ ಅವಕಾಶ. ಚೆನ್ನಾಗಿ ಕುಣಿಯುವವರೂ, ಈಗಷ್ಟೇ ಕಲಿತವರೂ ಒಂದಲ್ಲ ಒಂದು ಸಲ ಎಲ್ಲರ ಕಣ್ಣೆದುರಿಗೆ ಬರಲೇಬೇಕು.

ಈ ಪದ್ಧತಿಯನ್ನು ನಮ್ಮ ಗ್ಯಾದರಿಂಗ್ ಜೊತೆ ಹೋಲಿಸಿ ನೋಡಬೇಕು. ಎತ್ತರದ, ಬಣ್ಣದ, ಚುರುಕಿನ ನಾಲ್ವರು ಮೊದಲ ಸಾಲಿನಲ್ಲಿ ಖಾಯಂ. ಉಳಿದವರು ಹಿಂದೆ, ಕಂಡೂ ಕಾಣದಂತೆ. ಹಿಂದಿನ ಸಾಲಿನ ಮಗುವಿನ ತಾಯಿ ದೂರದ ಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಬಂದು ಕತ್ತು ಉದ್ದ ಮಾಡಿ ಹುಡುಕುತ್ತಿರುತ್ತಾಳೆ. ಮಗಳು ಕಾಣುವಷ್ಟರಲ್ಲಿ ಹಾಡು ಮುಗಿದಿರುತ್ತದೆ. ಕೆಲವು ಮಕ್ಕಳಿಗಂತೂ ಉಡುಪಿನ ಬಾಡಿಗೆ ಕೊಡಲಾಗದ್ದಕ್ಕೇ ಕುಣಿತದಲ್ಲಿ ಜಾಗವಿಲ್ಲ. ಸಾಲು ಸರಿಸುವುದಕ್ಕೆ ಹಣ ಬೇಡ, ಆದೇಶ ಬೇಡ. ಸುತ್ತಿ ಬರುವ ವರ್ತುಲವಂತೂ ಈ ನ್ಯಾಯವನ್ನು ತಾನಾಗಿಯೇ ಪಾಲಿಸುತ್ತದೆ. ಲಂಬಾಣಿ ಹೆಂಗಸರ ಸುತ್ತಿನಲ್ಲಿ, ಮೊಹರಂ ಹೆಜ್ಜೆಯ ಸುತ್ತಿನಲ್ಲಿ ಮೊದಲನೆಯವರು, ಕೊನೆಯವರು ಎಂಬುದೇ ಇಲ್ಲ.

ಜೋಶಿ ಮಾಸ್ತರರ ಅಂಗಿ

“ಇದೆಲ್ಲ ಸರಿ, ಮುಂದೆ ಪರೀಕ್ಷೆ ಇದೆಯಲ್ಲ!” ಎನ್ನುವ ಪಾಲಕರುಂಟು. ಅವರ ಚಿಂತೆ ಸುಳ್ಳಲ್ಲ. ಒಣಬೇಸಾಯದ ಸೀಮೆಯಲ್ಲಿ ಮಗುವಿನ ಓದೇ ಮನೆಯ ಆಸರೆ. ಆದರೆ ದಿನಕ್ಕೆ ಮುಕ್ಕಾಲು ಗಂಟೆಯಂತೆ ಎರಡು ವಾರ ಹೆಜ್ಜೆ ಕಲಿತ ಮಗು ಓದಿನಲ್ಲಿ ಹಿಂದೆ ಬೀಳುವುದಿಲ್ಲ. ಮೊಬೈಲಿನ ಮುಂದೆ ಕಳೆಯುವ ಹೊತ್ತಿಗೆ ಹೋಲಿಸಿದರೆ ಇದು ಅಲ್ಪವೇ.

ಈ ಸೀಮೆಯವರಿಗೆ ಹತ್ತಿರದ ಉದಾಹರಣೆಯೊಂದಿದೆ. ಪಂಡಿತ ಭೀಮಸೇನ ಜೋಶಿ 1922ರ ಫೆಬ್ರುವರಿ 4ರಂದು ಹುಟ್ಟಿದ್ದು ರೋಣದಲ್ಲಿ. ತಂದೆ ಗುರುರಾಜ ಜೋಶಿ ಶಾಲಾ ಶಿಕ್ಷಕರು. ಬಾಲಕ ಭೀಮಸೇನ ಬೀದಿಯಲ್ಲಿ ಭಜನೆಯ ಮೇಳವೋ ಮೆರವಣಿಗೆಯ ವಾದ್ಯವೋ ಕೇಳಿಸಿದರೆ ಅದರ ಹಿಂದೆಯೇ ಹೊರಟುಬಿಡುತ್ತಿದ್ದ. ದಣಿದಾಗ ಎಲ್ಲೆಂದರಲ್ಲಿ ಮಲಗಿಬಿಡುತ್ತಿದ್ದ. ಹುಡುಕಿ ಸಾಕಾದ ತಂದೆ, ಕಂಡವರು ಮನೆಗೆ ತಲುಪಿಸಲೆಂದು ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದರೆಂಬುದು ಅವರ ಜೀವನ ಬಲ್ಲವರೆಲ್ಲ ಹೇಳುವ ಸಂಗತಿ. ಆ ಬಾಲಕನಿಗೆ ಮುಂದೆ 2008ರಲ್ಲಿ ಭಾರತರತ್ನ ಘೋಷಣೆಯಾಯಿತು. ಹಾಡಿನ ಹಿಂದೆ ಹೋದ ಮಕ್ಕಳೆಲ್ಲರೂ ಭೀಮಸೇನರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಬೀದಿಯ ಮೇಳವೂ ಮಗುವಿಗೆ ಕಿವಿ ಕೊಡುತ್ತದೆಂಬುದನ್ನು ಈ ಪ್ರಸಂಗ ತೋರಿಸುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಹೆಚ್ಚೇನೂ ಇಲ್ಲ. ಗ್ಯಾದರಿಂಗ್‌ಗೆ ಒಂದು ತಿಂಗಳಿದ್ದಾಗಲೇ ಮಕ್ಕಳಿಗೆ ಒಂದು ಮನೆಗೆಲಸ ಕೊಡಬಹುದು: ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ತಾಂಡಾದಲ್ಲಿ ಹಾಡು, ಕುಣಿತ, ವಾದ್ಯ ಬಲ್ಲವರು ಯಾರು? ಅವರ ಹೆಸರು, ಅವರು ಕಲಿತದ್ದು ಯಾರಿಂದ, ಯಾವ ಹಬ್ಬದಲ್ಲಿ ಹಾಡುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದು ತರುವುದು. ಹಾಗೆ ಗೊತ್ತಾದವರಲ್ಲಿ ಇಬ್ಬರನ್ನು ಶಾಲೆಗೆ ಕರೆದು, ದಿನದ ಕೂಲಿ ತಪ್ಪಿದ್ದಕ್ಕೆ ತಕ್ಕ ಸಂಭಾವನೆ ಕೊಟ್ಟು, ಮಕ್ಕಳಿಗೆ ಕಲಿಸಲು ಕೇಳಿಕೊಳ್ಳುವುದು. ಉಡುಪಿನ ಬಾಡಿಗೆಯಲ್ಲೇ ಅದು ಉಳಿಯುತ್ತದೆ. ಹಾಡಿನ ಅರ್ಥವನ್ನು ಕನ್ನಡದಲ್ಲಿ ಬರೆಸಿಕೊಂಡು, ಕುಣಿತಕ್ಕೆ ಮುನ್ನ ಒಬ್ಬ ವಿದ್ಯಾರ್ಥಿ ಅದನ್ನು ಸಭೆಗೆ ಹೇಳಬೇಕು. ಹಾಡನ್ನು ಪೆನ್‌ಡ್ರೈವ್ ಬದಲು ಬಾಯಿಂದಲೇ ಹಾಡಿಸಬೇಕು. ಕಲಿಸಿದವರನ್ನು ವೇದಿಕೆಗೆ ಕರೆದು ಕುಳ್ಳಿರಿಸಬೇಕು. ಮೊಹರಂನ ಪದದಂತೆ ಶೋಕದ, ಭಕ್ತಿಯ ಹಾಡಾದರೆ ಅದನ್ನು ವೇದಿಕೆಗೆ ತರಬಹುದೇ ಎಂದು ಮೊದಲು ಅವರನ್ನೇ ಕೇಳಬೇಕು, ಬೇಡವೆಂದರೆ ಬಿಡಬೇಕು.

ಮುಂದೆ ಹೋಗಬೇಕೆನ್ನುವವರಿಗೂ ದಾರಿಗಳಿವೆ. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಲ್ಲಿ ಜಾನಪದ ನೃತ್ಯಕ್ಕೆ ಸ್ಥಾನವಿದೆ. ಪಕ್ಕದ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಆರಂಭವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಜಾನಪದವನ್ನು ಪದವಿಯಾಗಿ ಓದಬಹುದಾದ ಜಾಗ ಅದು. ಕಷ್ಟದಲ್ಲಿರುವ ವೃದ್ಧ ಕಲಾವಿದರಿಗೆ ರಾಜ್ಯ ಸರಕಾರದ ಮಾಸಾಶನವಿದೆ. ಅರ್ಜಿ ತುಂಬಲು ಬಾರದ ಹಲಗಿಯ ಅಜ್ಜನಿಗೆ ಹತ್ತನೆಯ ತರಗತಿಯ ಹುಡುಗನೊಬ್ಬ ಅರ್ಜಿ ತುಂಬಿಕೊಟ್ಟರೆ ಅದೂ ಜಾನಪದ ಸೇವೆಯೇ.

ಗದಗ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರೆಯಾಯಿತು. ಗಜೇಂದ್ರಗಡ ಈಚಿನವರೆಗೂ ರೋಣ ತಾಲ್ಲೂಕಿನಲ್ಲೇ ಇತ್ತು. ನಕ್ಷೆಯ ಗೆರೆಗಳನ್ನು ಹೀಗೆ ಮತ್ತೆ ಮತ್ತೆ ಎಳೆಯಬಹುದು. ಹಾಡು, ಹೆಜ್ಜೆಗಳು ಮಾತ್ರ ಒಬ್ಬರ ದೇಹದಿಂದ ಇನ್ನೊಬ್ಬರ ದೇಹಕ್ಕೆ ದಾಟಿಯೇ ಉಳಿಯಬೇಕು. ತೀಜ್ ಹಾಡು ಬಲ್ಲ ಅಜ್ಜಿಗೆ ಈಗ ಎಪ್ಪತ್ತು ದಾಟಿರಬಹುದು. ಮುಂದಿನ ಗ್ಯಾದರಿಂಗ್‌ಗೆ ಯಾವ ಹಾಡು ಎಂದು ಮೊಬೈಲಿನಲ್ಲಿ ಹುಡುಕುವ ಮೊದಲು ಒಂದು ಭಾನುವಾರ ಅವರ ಕಟ್ಟೆಯ ಮೇಲೆ ಕುಳಿತು ಬರುವುದು ಒಳ್ಳೆಯದು.